ಬೀಗದ ಕೈ ಅದರ ಜಾಗದಲ್ಲಿದೆ

ಟಕ್ — ಅಷ್ಟೇ, ಯಾರೋ ಬೇಸರದಿಂದ ನಾಲಿಗೆ ಲೊಚಗುಟ್ಟಿದ ಹಾಗೆ ಬೆನ್ನ ಹಿಂದೆ ಒಂದು ಸಣ್ಣ ಸದ್ದು, ಗಾಳಿ ಇರಬೇಕು, ಡೀಮೆನ್ ಅನ್ನೋ ಈ ಡಚ್ ಊರಿನ ನವೆಂಬರ್ ಗಾಳಿಗೆ ಈ ತೆರೆದ ಕಾರಿಡಾರ್ ಅಂದರೆ ಆಟದ ಬಯಲು, ಒಂದು ತುದಿಯಲ್ಲಿ ನುಗ್ಗಿ ಎಲ್ಲರ ಬಾಗಿಲ ಮುಂದಿನ ಹೂಕುಂಡ ಅಲುಗಾಡಿಸಿ ಇನ್ನೊಂದು ತುದಿಯಲ್ಲಿ ಹಾರಿಹೋಗುತ್ತೆ, ಕೆಳಗೆ ಟ್ರಾಮ್ ಗಂಟೆ ಹೊಡೆಯಿತು, ಆ ಗಂಟೆ ಕೇಳಿದಾಗೆಲ್ಲ ಯಾವುದೋ ಕಥೆಯೊಳಗಿಂದ ಆನೆ ಬರುತ್ತಿದೆ ಅನಿಸುತ್ತೆ ನನಗೆ, ಕೊರಳಿಗೆ ಗಂಟೆ ಕಟ್ಟಿಕೊಂಡ ಉದ್ದನೆಯ ಆನೆ, ಕಸದ ಚೀಲವನ್ನು ಗೋಡೆಗೆ ಒರಗಿಸಿ ಗಂಟು ಬಿಗಿ ಮಾಡುತ್ತಾ ಆನೆಯ ಮೇಲೆ ಯಾರನ್ನು ಕೂರಿಸಲಿ ಅಂತ ಯೋಚಿಸುತ್ತಿದ್ದೆ — ಆಮೇಲೆ ತಿಳಿಯಿತು, ಟಕ್ ಅಂದದ್ದು ಬಾಗಿಲು. ನಮ್ಮ ಮನೆ ಬಾಗಿಲು. ಕೈ ತಾನಾಗಿ ಸ್ವೆಟರಿನ ಜೇಬಿಗೆ ಹೋಯಿತು, ಜೇಬಿನಲ್ಲಿ ಏನೂ ಇಲ್ಲ, ಬೇರೆ ದಿನ ಆಗಿದ್ದರೆ ಬೀಗದ ಕೈ ಅಲ್ಲೇ ಇರುತ್ತಿತ್ತು, ಹಳೆ ಟಿಶ್ಯೂ, ಮಗಳ ಕ್ಲಿಪ್ಪು, ಚಾಕೊಲೇಟ್ ಸಿಪ್ಪೆ, ಅದರ ನಡುವೆ ಎಲ್ಲೋ, ಇವತ್ತು ಇಲ್ಲ, ಯಾಕಂದರೆ ಇವತ್ತು ಅದು ಅದರ ಜಾಗದಲ್ಲಿದೆ, ಚಪ್ಪಲಿ ಸ್ಟ್ಯಾಂಡಿನ ಮೇಲಿನ ನೀಲಿ ಬಟ್ಟಲಿನಲ್ಲಿ. ಬಂದ ಕೂಡಲೇ ಕೀ ಬಟ್ಟಲಿಗೆ, ಶೂ ಸಾಲಿಗೆ, ಬ್ಯಾಗು ಗೂಟಕ್ಕೆ, ಅಡುಗೆಮನೆ ಬಿಡುವಾಗ ಕೈ ಬೀಸಿಕೊಂಡು ಬರಬಾರದು, ಏನಾದರೊಂದು ಎತ್ತಿಕೊಂಡೇ ಬರಬೇಕು, ಕಸವಾದರೂ ಸರಿ — ಮೊಬೈಲಿನಲ್ಲಿ ಯಾವಳೋ ನಗುನಗುತ್ತಾ ಹೇಳಿಕೊಟ್ಟಿದ್ದು, ಮನೆ ತುಂಬ ಜನ ಇದ್ದರೂ ಮನೆ ಕನ್ನಡಿ ಥರ ಇರುತ್ತೆ ಅಂತ, ನನ್ನ ಗಂಡ ನಿತಿನ್ ನೋಡಿ, ಲೇ ಗಾನು, ಇದನ್ನ ನೀನು ಒಂದು ವಾರ ಮಾಡಿದ್ರೆ ನಾನು ದ ಹೇಗ್‌ನ ಆಫೀಸಿನಿಂದ ಸೈಕಲ್‌ನಲ್ಲಿ ಮನೆಗೆ ಬರ್ತೀನಿ ಕಣೆ, ಅಂದಿದ್ದ. ಬಾ ಈಗ, ಸೈಕಲ್‌ನಲ್ಲೇ ಬಾ, ಇಲ್ಲಿ ನೋಡು, ಎಲ್ಲ ಅದರದರ ಜಾಗದಲ್ಲಿದೆ, ಕೀ ಬಟ್ಟಲಿನಲ್ಲಿ, ಫೋನು ಚಾರ್ಜರಿನ ಮೇಲೆ, ಶೂ ಸಾಲಾಗಿ, ನಾನೊಬ್ಬಳು ಮಾತ್ರ ಹೊರಗೆ.

ಇಲ್ಲಿನ ಬಾಗಿಲಿಗೆ ಹೊರಗಡೆ ಹಿಡಿ ಅಂತ ಒಂದಿದೆ, ಅದು ತಿರುಗಲ್ಲ, ಸುಮ್ಮನೆ ಅಲಂಕಾರಕ್ಕೆ, ಒಳಗಿನಿಂದಾದರೆ ಮಗು ಕೂಡ ಹಿಡಿ ಒತ್ತಿ ತೆಗೆಯಬಹುದು, ಹೊರಗಿನವರಿಗೆ ಕೀ ಬೇಕೇ ಬೇಕು, ಬಂದ ಹೊಸದರಲ್ಲೇ ನಿತಿನ್ ಹೇಳಿದ್ದ, ಊರ ಬಾಗಿಲಲ್ಲ ಇದು, ಚಿಲಕ ಹಾಕೋವರೆಗೂ ಕಾಯಲ್ಲ, ತಾನೇ ಮುಚ್ಕೊಳುತ್ತೆ, ಹುಷಾರು. ನಿತಿನ್ ಕೀ ಅವನ ಜೇಬಿನಲ್ಲಿ, ಇನ್ನೊಂದು ಕೀ ಎಲ್ಲಿ, ರಾಕೇಶ್ ಹತ್ತಿರ, ನನ್ನ ಮೈದುನ, ಟಿಲ್‌ಬರ್ಗ್‌ನಲ್ಲಿ ಓದುತ್ತಿದ್ದಾನೆ, ಶನಿವಾರ ಒಗೆಯೋ ಬಟ್ಟೆಯ ಮೂಟೆ ಹೊತ್ತು ಬರುತ್ತಾನೆ, ಇವತ್ತು ಮಂಗಳವಾರ. ಇದೆಲ್ಲ ಪರವಾಗಿಲ್ಲ, ನಾಲ್ಕು ಜನಕ್ಕೆ ಹೇಳಿ ನಗೋ ವಿಷಯ, ಆದರೆ ಒಳಗೆ ಮಗಳಿದ್ದಾಳೆ, ಒಳಗೆ ಒಲೆಯ ಮೇಲೆ ಕುಕ್ಕರ್ ಇದೆ — ನೆನಪಾದ ಕೂಡಲೇ ಅದು ಕೂಗಿತು, ನನ್ನ ಮನಸ್ಸಿನಲ್ಲಿರೋದು ಕೇಳಿಸಿತೇನೋ ಅನ್ನೋ ಹಾಗೆ. ಅಡುಗೆಮನೆ ಕಿಟಕಿ ಬಾಗಿಲಿನ ಪಕ್ಕದಲ್ಲೇ, ಈ ಕಾರಿಡಾರಿಗೇ ತೆರೆಯೋದು, ಗಾಜಿಗೆ ಮೂಗು ತಾಗಿಸಿ ನೋಡಿದೆ, ದೊಡ್ಡ ಉರಿ, ಹುರುಳಿಕಾಳು, ನೀರು ಸ್ವಲ್ಪವೇ ಹಾಕಿದ್ದೆ, ಇನ್ನೊಂದು ಸೀಟಿಗೆ ಬಂದು ಉರಿ ಸಣ್ಣ ಮಾಡೋಣ ಅಂತ, ಅಷ್ಟರಲ್ಲಿ ಕಸ ಇಟ್ಟು ಬರೋಣ ಅಂತ, ಮೇಲಿನ ಸಣ್ಣ ಕಿಟಕಿ ಬೆರಳಗಲ ತೆರೆದಿದೆ, ಆ ಗಾಳಿಯೇ ಬಾಗಿಲನ್ನು ಎಳೆದಿದ್ದು, ಅಲ್ಲಿಂದ ಹಬೆಯ ವಾಸನೆ, ಮನೆಯ ವಾಸನೆ. ಚಳ್ಳಕೆರೆ ಮನೆಯ ಅಡುಗೆಮನೆಯ ಚಾವಣಿಯಲ್ಲಿ ಒಂದು ಹಳದಿ ಕಲೆ ಇತ್ತು, ಕುಕ್ಕರಿನ ಮುಚ್ಚಳ ಹಾರಿ ಬೇಳೆ ಮೆತ್ತಿಕೊಂಡಿದ್ದು, ಎಷ್ಟು ಸುಣ್ಣ ಬಳಿದರೂ ಮತ್ತೆ ಮತ್ತೆ ಎದ್ದು ಬರೋದು, ಅಜ್ಜಿ ಅದನ್ನ ತೋರಿಸಿ, ನೋಡವ್ವ, ನಾನು ಒಂದು ಗಳಿಗೆ ಆ ಕಡೆ ಹೋಗಿದ್ದಕ್ಕೆ ಬಿದ್ದ ಬರೆ, ಅನ್ನೋಳು. ಅದೇ ಅಜ್ಜಿ ಅಂದಿದ್ದಳು, ದೀಪ ಹಚ್ಚೋ ಹೊತ್ತಲ್ಲಿ ಕಸ ಹೊರಗೆ ಹಾಕಬ್ಯಾಡ ಕಣವ್ವ, ಲಕ್ಷ್ಮಿ ಕಸದ ಜೊತೇಲೇ ಎದ್ದು ಹೊರಟೋಗ್ತಾಳೆ. ನಾನು ದೀಪ ಹಚ್ಚಿ, ಊದುಕಡ್ಡಿ ಸಿಕ್ಕಿಸಿ, ಕಸ ಎತ್ತಿಕೊಂಡು ಬಂದೆ.

ನೀಲಾ, ಪುಟ್ಟೀ, ಬಾಗಿಲು ತೆಗಿಯಮ್ಮಾ, ಅಮ್ಮ ಹೊರಗಿದೀನಿ. ಬಾಗಿಲ ಕೆಳಭಾಗದಲ್ಲಿ, ನನ್ನ ಮೀನಖಂಡದ ಎತ್ತರಕ್ಕೆ, ಕಾಗದ ಹಾಕೋ ಸೀಳು, ಅದಕ್ಕೊಂದು ತಗಡಿನ ಮುಚ್ಚಳ, ಬಗ್ಗಿ ಮುಚ್ಚಳ ಎತ್ತಿ ಕೂಗಿದೆ, ಸೀಳಿನಿಂದ ನೀಲಿ ಬಟ್ಟಲಿನ ಅಂಚು ಕಾಣಿಸಿತು, ಅಂಚಿನಾಚೆ ಇಣುಕುವ ಕೀಯ ಹೊಳಪು, ಕೈ ತೂರಿಸಿದರೆ ಮಣಿಕಟ್ಟಿನವರೆಗೂ ಹೋಗಲ್ಲ. ನೀಲಾಂಬಿಕಾ — ಅಜ್ಜಿಯ ಹೆಸರು, ಮಗಳಿಗಿಟ್ಟಿದ್ದೇವೆ, ಮೂರು ತುಂಬಿದೆ, ಡೇಕೇರಿನವರು ನೀಲಾ ಅನ್ನುತ್ತಾರೆ, ಪೂರ್ತಿ ಹೆಸರು ಕೂಗಿದಾಗೆಲ್ಲ ಇಬ್ಬರನ್ನು ಕರೆದ ಹಾಗೆ ಆಗುತ್ತೆ, ಒಬ್ಬಳು ಬರಬಹುದು, ಒಬ್ಬಳು ಬರಲಾರಳು. ಹಾಲ್‌ನಲ್ಲಿ ಕಾಲುಚೀಲದ ಮೆತ್ತನೆ ಸದ್ದು, ಬಂತು, ಬಂದಳು, ನನ್ನ ಬಂಗಾರ, ಹಿಡಿ ಒತ್ತು ಕಂದಾ, ಕೆಳಕ್ಕೆ ಒತ್ತು. ಸದ್ದು ನಿಂತಿತು. ಆಮೇಲೆ ಒಂದು ದನಿ, ತುಂಬ ಸಣ್ಣದು, ತುಂಬ ಗಟ್ಟಿ ನಿರ್ಧಾರದ್ದು — ನಾಳೆ ಬಾ.

ಅಯ್ಯೋ. ಅಯ್ಯೋ ನನ್ನ ಬಾಯಿಗೆ. ಹೋದ ವಾರ ಪಾರ್ಸೆಲ್‌ನವನು ಬೆಲ್ ಮಾಡಿದಾಗ ನಾನು ಬಚ್ಚಲಿನಲ್ಲಿದ್ದೆ, ಇವಳು ಓಡಿಹೋಗಿ ಬಾಗಿಲು ತೆಗೆದು ಅವನ ಕೈ ಹಿಡಿದು ಒಳಗೆ ಕರೆಯುತ್ತಿದ್ದಳು, ಹೇಗೆ ಕಲಿಸೋದು ಈ ಮಗುವಿಗೆ, ನನಗೆ ಗೊತ್ತಿರೋದು ಒಂದೇ ದಾರಿ, ಅಜ್ಜಿ ನನಗೆ ಕಲಿಸಿದ ದಾರಿ, ಕಥೆ. ಸಂಜೆ ಹೊತ್ತು ಅವಳು, ಆ ದೆವ್ವದೋಳು, ಬರ್ತಾಳೆ ಕಣವ್ವ, ಬಾಗಿಲ ಮುಂದೆ ನಿಂತು ಮನೆಯೋರ ದನೀಲಿ ಕರೀತಾಳೆ, ತೆಗೆದ್ಯೋ ಹೋದೆ, ಅದಕ್ಕೇ ನಮ್ಮೂರಾಗೆ ಬಾಗಿಲ ಮ್ಯಾಲೆಲ್ಲ ಸುಣ್ಣದಾಗೆ ಬರೀತಿದ್ರು, ನಾಳೆ ಬಾ ಅಂತ, ಅವಳು ಓದ್ಕಂಡು ಹೋಗೋಳು, ನಾಳೆ ಬರೋಳು, ಮತ್ತೆ ಓದ್ಕಂಡು ಹೋಗೋಳು. ಅಜ್ಜಿ ಅಲ್ಲಿಗೇ ನಿಲ್ಲಿಸಿದ್ದಳು, ನಾನು ನಿಲ್ಲಿಸಲಿಲ್ಲ, ನನಗೆಲ್ಲಿ ನಿಲ್ಲಿಸೋಕೆ ಬರುತ್ತೆ, ಮಗಳ ಕಣ್ಣು ಅಗಲ ಆದಷ್ಟೂ ಕಥೆ ಉದ್ದ ಆಯಿತು, ಅವಳಿಗೆ ನಿನ್ನ ಹೆಸರು ಗೊತ್ತಿರುತ್ತೆ, ಅಮ್ಮ ಹಾಡೋ ಜೋಗುಳ ಗೊತ್ತಿರುತ್ತೆ, ನಿನ್ನ ಮೊಲದ ಗೊಂಬೆಯ ಹೆಸರು ಕೂಡ ಗೊತ್ತಿರುತ್ತೆ, ಬಂಗಾರ ಅಂತಾಳೆ, ಕಂದಾ ಅಂತಾಳೆ, ಅಳ್ತಾಳೆ ಬೇಕಾದ್ರೆ, ತೆಗೀಬಾರದು. ಪಕ್ಕದಲ್ಲಿ ಮಲಗಿದ್ದ ನಿತಿನ್, ಸಾಕು ಕಣೆ, ಮಗು ಎದ್ದು ಕೂತ್ಕೊಂಡ್ರೆ ನೀನೇ ಎತ್ಕೊಂಡು ತಿರುಗು, ಅಂದ. ಮಗು ಎದ್ದು ಕೂರಲಿಲ್ಲ. ಒಂದೊಂದೂ ನೆನಪಿಟ್ಟುಕೊಂಡಳು. ಈಗ ಹೇಳು ಗಾನವಿ, ನೀನೇ ನೀನು ಅಂತ ತೋರಿಸೋಕೆ ಏನು ಉಳಿಸಿಕೊಂಡಿದ್ದೀಯ, ಹೆಸರು ಕೊಟ್ಟುಬಿಟ್ಟೆ, ಹಾಡು ಕೊಟ್ಟುಬಿಟ್ಟೆ, ಮೊಲ ಕೊಟ್ಟುಬಿಟ್ಟೆ, ಅಳು ಕೂಡ.

ಕುಕ್ಕರ್ ಮತ್ತೆ ಕೂಗಿತು, ಈ ಸಲ ಉದ್ದ, ಕೊನೆಗೆ ದನಿ ಒಡೆಯಿತು. ಪಕ್ಕದ ಮನೆಯ ಬಾಗಿಲು ತೆರೆದು ಮೀಪ್ ತಲೆ ಹಾಕಿದಳು, ಎಂಬತ್ತರ ಹತ್ತಿರದ ಮುದುಕಿ, ಅಡುಗೆ ಮಾಡುತ್ತಿದ್ದಳೇನೋ, ಕೈಯಲ್ಲಿ ಮರದ ಚಮಚ, ಏನಾಯಿತು ಹುಡುಗಿ, ನಾನು ಬಾಗಿಲು ಬಿಟ್ಟು ಅವಳ ಕಡೆ ತಿರುಗಿ ಡಚ್ಚೂ ಇಂಗ್ಲಿಷೂ ಕಲಸಿ ಹೇಳಿದೆ, ಬಾಗಿಲು, ಮಗು ಒಳಗೆ, ಗ್ಯಾಸ್, ಫೋನ್ ಒಳಗೆ, ನಿತಿನ್‌ಗೆ ಫೋನ್ ಮಾಡಬೇಕು — ನಂಬರ್ ಕೇಳಿದಳು. ನಂಬರ್. ಗಂಡನ ನಂಬರ್ ನನಗೆ ಬರಲ್ಲ, ಫೋನಿಗೆ ಬರುತ್ತೆ, ನನಗೆ ಬರೋದು ಚಳ್ಳಕೆರೆ ಮನೆಯ ಕಪ್ಪು ಫೋನಿನ ನಂಬರ್, ಅಜ್ಜಿ ಹಾಡಿನ ಥರ ಕಲಿಸಿದ್ದು, ಆ ಫೋನೂ ಇಲ್ಲ, ಎತ್ತೋಳೂ ಇಲ್ಲ. ರುಸ್ತಿಖ್, ರುಸ್ತಿಖ್ ಅಂತ ಮೀಪ್ ನನ್ನ ತೋಳು ಸವರಿದಳು, ಸಮಾಧಾನ ಸಮಾಧಾನ ಅಂತ, ಅಗ್ನಿಶಾಮಕದವರಿಗೆ ಮಾಡ್ತೀನಿ, ಬರ್ತಾರೆ, ಬೇಗ ಬರ್ತಾರೆ, ಒಳಗೆ ಹೋದಳು, ನಾನು ಅವಳ ಬೆನ್ನನ್ನೇ ನೋಡುತ್ತಾ ಕೂಗುತ್ತಿದ್ದೆ, ನೀಲಾ, ಅಮ್ಮ ಕಣೇ, ಅಮ್ಮಾನೇ ಕಣೇ — ಹಿಂದೆ ತಗಡಿನ ಮುಚ್ಚಳ ಮೇಲೆದ್ದ ಸದ್ದು, ತಿರುಗಿ ನೋಡುವಷ್ಟರಲ್ಲಿ ಸೀಳಿನಲ್ಲಿ ಎರಡು ಕಣ್ಣು, ನನ್ನ ಮುಖ ನೋಡಲಿಲ್ಲ, ಕೆಳಗೆ, ನನ್ನ ಕಾಲಿನ ಕಡೆ, ಆಮೇಲೆ ಕಿಟಾರನೆ ಒಂದು ಕಿರುಚು, ಮುಚ್ಚಳ ಬಿತ್ತು, ಕಾಲುಚೀಲಗಳು ಓಡಿದವು.

ಯಾಕೆ ಕಿರುಚಿದಳು, ಏನು ಕಂಡಳು, ನನ್ನ ಕಾಲಲ್ಲಿ ಏನಿದೆ, ಮನೆ ಚಪ್ಪಲಿ, ಅದರೊಳಗೆ ಬೂದು ಸಾಕ್ಸು, ದಿನಾ ನೋಡೋದೇ. ಕಿಟಕಿಗೆ ಓಡಿದೆ. ಗಾಜಿನ ಮೇಲೆ ಹಬೆ, ಒರೆಸಿದರೆ ಹೋಗಲ್ಲ, ಅದು ಒಳಗಡೆಯದು, ಹಬೆಯ ಆಚೆ ನನ್ನ ಮಗಳು ಮಸುಕು ಮಸುಕಾಗಿ, ಅಡುಗೆಮನೆಯಲ್ಲಿ, ಅಳುತ್ತಿದ್ದಾಳೆ, ಅಳುತ್ತಲೇ ಕೆಂಪು ಸ್ಟೂಲನ್ನು ಎಳೆಯುತ್ತಿದ್ದಾಳೆ, ಯಾಕೆ ಸ್ಟೂಲು, ಯಾಕೆ ಪುಟ್ಟೀ — ಚಮಚ. ಪಾತ್ರೆ ಬುಟ್ಟಿಯಲ್ಲಿ ಒಣಗಿದ ಚಮಚಗಳನ್ನು ಡ್ರಾಯರಿಗೆ ಹಾಕೋದು ಅವಳ ಕೆಲಸ, ದಿನಾ ಸಂಜೆ, ನಾನೇ ಹಚ್ಚಿದ್ದು, ಮನೇಲಿ ಎಲ್ಲರಿಗೂ ಒಂದೊಂದು ಸಣ್ಣ ಕೆಲಸ ಇರಬೇಕು ಅಂತ ಆ ನಗುವವಳು ಹೇಳಿದ್ದಳಲ್ಲ, ಚಮಚ ಜೋಡಿಸಿದರೆ ಅಮ್ಮ ಖುಷಿಯಾಗ್ತಾಳೆ, ಎತ್ತಿ ಮುದ್ದು ಮಾಡ್ತಾಳೆ, ಅದಕ್ಕೇ, ಅಮ್ಮ ಬರಲಿ ಅಂತ, ಹೊರಗಿರೋಳು ಹೋಗಿ ಅಮ್ಮ ಬರಲಿ ಅಂತ. ಡ್ರಾಯರು ಒಲೆಯ ಪಕ್ಕದಲ್ಲಿದೆ. ಕುಕ್ಕರಿನ ಹಿಡಿ ಡ್ರಾಯರಿನ ಮೇಲೆ ಚಾಚಿಕೊಂಡಿದೆ. ದಿನಾ ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಒಲೆ ಆರಿರುತ್ತೆ. ಗಾಜು ಗುದ್ದಿದೆ, ಬೇಡ ನೀಲಾ, ಒಲೆ ಹತ್ರ ಬೇಡ, ಅವಳು ತಲೆಯೆತ್ತಲಿಲ್ಲ, ಕಿಟಕಿ ಕಡೆ ನೋಡಬಾರದು ಅಂತ ಹಟ ಹಿಡಿದು ಕತ್ತು ಆ ಕಡೆ ತಿರುಗಿಸಿಕೊಂಡೇ ಸ್ಟೂಲು ಎಳೆಯುತ್ತಿದ್ದಾಳೆ, ಅದೂ ನಾನೇ ಹೇಳಿದ್ದು, ಹೊರಗೆ ಬಂದವಳ ಕಣ್ಣು ಮಾತ್ರ ನೋಡಬಾರದು. ಗಾಜು ಒಡೆದರೆ ಚೂರು ಅವಳ ಮೇಲೇ. ಕುಕ್ಕರ್ ಕೂಗುತ್ತಿಲ್ಲ ಈಗ. ಕೂಗಿದರೆ ವಾಸಿ, ಕೂಗದೆ ಸುಮ್ಮನೆ ಬುಸುಗುಡುತ್ತಿದೆ, ನೀರು ಮುಗಿಯುತ್ತಾ ಬಂತು, ಚಾವಣಿಯಲ್ಲಿ ಹಳದಿ ಕಲೆ, ಸುಣ್ಣ ಬಳಿದರೂ ಎದ್ದು ಬರೋ ಕಲೆ.

ಕಾಲು. ಅವಳು ನೋಡಿದ್ದು ಕಾಲು. ಅಜ್ಜಿ ಸಂಜೆ ಬಾಗಿಲು ತೆಗೆಯೋ ಮುಂಚೆ ಹೊಸ್ತಿಲ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಬಾಗಿಲ ಸಂದಿಯಲ್ಲಿ ನೋಡುತ್ತಿದ್ದಳು, ಟ್ಯೂಷನ್ ಮುಗಿಸಿ ಬಂದ ನಾನು ಹೊರಗೆ ನಿಂತು, ಅಜ್ಜೀ ನಾನೇ, ತಗೀ, ಅನ್ನುತ್ತಿದ್ದೆ, ಅವಳು ಒಳಗಿಂದ, ನಿಲ್ಲವ್ವ, ಮಕ ಆಮ್ಯಾಲೆ, ಮೊದಲು ಕಾಲು, ದನಿ ಕಲೀತಾಳೆ ಅವಳು, ಮಕ ಕಲೀತಾಳೆ, ಕಾಲು ಮಾತ್ರ ಅವಳದು ಹಿಂದುಮುಂದು, ಅದನ್ನ ತಿರುಗಿಸ್ಕಳಕ್ಕೆ ಬರಾಕಿಲ್ಲ. ಅದನ್ನೂ ಹೇಳಿದ್ದೆ ನಾನು ಮಗಳಿಗೆ. ನಾನು ಮೀಪ್ ಕಡೆ ತಿರುಗಿ ನಿಂತು ನೀಲಾ ನೀಲಾ ಅಂತ ಕೂಗುತ್ತಿದ್ದಾಗ ಅವಳು ಸೀಳಿನಿಂದ ನೋಡಿದ್ದಾಳೆ, ದನಿ ಅವಳನ್ನು ಕರೆಯುತ್ತಿದೆ, ಹಿಮ್ಮಡಿ ಅವಳ ಕಡೆಗಿದೆ. ಹಿಂದುಮುಂದು. ಎಲ್ಲ ಸರಿಹೋಯಿತು ಅವಳ ಲೆಕ್ಕದಲ್ಲಿ.

ಮಂಡಿಯೂರಿ ಮುಚ್ಚಳ ಎತ್ತಿದೆ. ಕೂಗಬಾರದು, ಕೂಗಿದರೆ ನಾನೇ ಅವಳಾಗ್ತೀನಿ, ಮೆತ್ತಗೆ, ಕಥೆ ಹೇಳೋ ದನಿಯಲ್ಲಿ, ಯಾರಿಗೋ ಹೇಳುವ ಹಾಗೆ — ಒಂದೂರಲ್ಲಿ ಒಬ್ಬ ಅಜ್ಜಿ ಇದ್ದಳಂತೆ, ಅವಳ ಹೆಸರು ನೀಲಾಂಬಿಕಾ ಅಂತೆ, ಒಳಗೆ ಸ್ಟೂಲಿನ ಕಾಲು ನೆಲಕ್ಕೆ ಉಜ್ಜುವ ಸದ್ದು ನಿಂತಿತು, ಅಥವಾ ಒಲೆ ಮುಟ್ಟಿತು ಅಂತ ನಿಂತಿತೋ, ನೋಡಲು ಏಳಬಾರದು, ಎದ್ದರೆ ಕಥೆ ತುಂಡಾಗುತ್ತೆ, ಆ ಅಜ್ಜಿ ಬಾಗಿಲು ತೆಗೆಯೋ ಮುಂಚೆ ಏನು ನೋಡ್ತಿದ್ದಳಂತೆ ಹೇಳು. ಕುಕ್ಕರಿನ ಬುಸ್ಸ್ ಅನ್ನೋದೊಂದೇ. ಏನು ನೋಡ್ತಿದ್ದಳಂತೆ ಪುಟ್ಟೀ. ಅಡುಗೆಮನೆ ಬಾಗಿಲ ಹತ್ತಿರದಿಂದ, ಮೂಗು ಕಟ್ಟಿದ ದನಿ — ಕಾಲು. ಹೂಂ, ಕಾಲು, ಹೊರಗೆ ಬರೋಳ ಕಾಲು ಹೇಗಿರುತ್ತೆ. ಹಿಂದೆ. ಹಿಂದೆ ಇರುತ್ತೆ, ಸರಿ, ಈಗ ನೀನು ಅಜ್ಜಿ, ನೀನು ನೋಡು, ನಾನು ತೋರಿಸ್ತೀನಿ, ನೀನೇ ಹೇಳು ಯಾವ ಕಡೆ ಇದೆ ಅಂತ. ಚಪ್ಪಲಿ ಒದೆದೆ, ಸಾಕ್ಸ್ ಎಳೆದು ಎಸೆದೆ, ಸಿಮೆಂಟು ಮಂಜುಗಡ್ಡೆ, ಮೀಪ್ ಫೋನ್ ಹಿಡಿದು ಹೊರಗೆ ಬಂದವಳು ನೋಡುತ್ತಾ ನಿಂತಳು, ಹುಚ್ಚು ಹಿಡಿಯಿತು ಅಂದುಕೊಂಡಳೋ ಏನೋ, ಅವಳ ಭುಜ ಹಿಡಿದುಕೊಂಡು ಒಂಟಿ ಕಾಲಲ್ಲಿ ನಿಂತು ಬಲಗಾಲಿನ ಬೆರಳುಗಳನ್ನು ಸೀಳಿಗೆ ತೂರಿಸಿದೆ, ತಗಡು ಚರ್ಮ ಕೆರೆಯಿತು, ತೂರಿಸಿದೆ, ಬೆರಳು ಮುಂದೆ, ನೋಡು, ಬೆರಳು ನಿನ್ನ ಕಡೆಗಿದೆ, ಹಿಮ್ಮಡಿ ಹೊರಗಿದೆ, ನೋಡು ಅಜ್ಜೀ.

ಗಾಳಿ. ದೂರದಲ್ಲಿ ಸೈರನ್, ಬರುತ್ತಿದೆ, ಸೈರನ್ ಹತ್ತಿರ ಬಂದರೆ ಅವಳು ಇನ್ನೂ ಹೆದರುತ್ತಾಳೆ, ಹೆದರಿದರೆ ಚಮಚಕ್ಕೆ ಹೋಗುತ್ತಾಳೆ, ಮೀಪ್ ಏನೋ ಹೇಳುತ್ತಿದ್ದಾಳೆ, ನನಗೆ ಕೇಳುತ್ತಿರೋದು ಕಾಲುಚೀಲದ ಸದ್ದು ಮಾತ್ರ, ಒಂದು ಹೆಜ್ಜೆ, ನಿಂತಿತು, ಇನ್ನೊಂದು, ಆಮೇಲೆ ನನ್ನ ಬೆರಳ ಮೇಲೆ ಬಿಸಿ ಉಸಿರು, ಬಗ್ಗಿ ನೋಡುತ್ತಿದ್ದಾಳೆ, ಮುಟ್ಟಲಿಲ್ಲ, ನೋಡುತ್ತಿದ್ದಾಳೆ. ದಿ ಆಂದೆರೆ ಓಕ್. ಡೇಕೇರಿನ ಡಚ್‌ನಲ್ಲಿ, ಇನ್ನೊಂದೂ ತೋರಿಸು ಅಂತ. ನನಗೆ ನಗು ಬಂತು, ಬಾಯಿ ತುಂಬ ನಗು, ಅಳುವಿನ ಥರ ಎದ್ದು ಬಂತು, ನುಂಗಿಕೊಂಡೆ, ಕಾಲು ಬದಲಿಸಿದೆ, ಎಡಗಾಲು ತೂರಿಸಿದೆ, ನನ್ನ ಅಜ್ಜಿ ಕೂಡ ಎರಡೂ ನೋಡದೆ ತೆಗೆದವಳಲ್ಲ. ಸಣ್ಣ ಬೆರಳುಗಳು ಬಂದವು, ಹೆಬ್ಬೆರಳು ಮುಟ್ಟಿದವು, ಪಕ್ಕದ್ದು ಮುಟ್ಟಿದವು, ಕಾಲುಂಗುರ ಸಿಕ್ಕಿತು, ಅದನ್ನು ಹಿಡಿದು ತಿರುಗಿಸಿದವು, ಸ್ನಾನ ಮಾಡಿಸುವಾಗ ದಿನಾ ತಿರುಗಿಸುವ ಹಾಗೆ, ಒಂದು ಸುತ್ತು, ಇನ್ನೊಂದು ಸುತ್ತು. ಬಿಟ್ಟವು. ಕಾಯುತ್ತಿದ್ದೇನೆ. ಹಿಡಿ ಕೆಳಗೆ ಹೋಗುವ ಸದ್ದು ಎಷ್ಟು ಸಣ್ಣದು, ಟಕ್.

ಕಾಲು ಎಳೆದುಕೊಂಡೆನೋ ಇಲ್ಲವೋ, ಬಾಗಿಲು ತಳ್ಳಿ, ಮಗಳನ್ನು ದಾಟಿ, ದಾಟಿ ಹೋದೆ ನಾನು, ಎತ್ತಿಕೊಳ್ಳಲಿಲ್ಲ, ಮೊದಲು ಒಲೆ, ಗುಬುಟು ತಿರುಗಿಸಿದೆ, ಉರಿ ಆರಿತು, ಕಾಳು ಸೀದ ವಾಸನೆ, ಕುಕ್ಕರ್ ನಡುಗುತ್ತಾ ನಡುಗುತ್ತಾ ಸುಮ್ಮನಾಯಿತು, ಸ್ಟೂಲು ಒಲೆಯಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು, ಅದರ ಮೇಲೆ ಒಂದೇ ಒಂದು ಚಮಚ. ಹೊರಗೆ ಮೀಪ್ ಫೋನಿನಲ್ಲಿ ನಗುತ್ತಾ ಅಳುತ್ತಾ ಯಾರಿಗೋ ಹೇಳುತ್ತಿದ್ದಾಳೆ, ಬಾಗಿಲು ತೆರೆಯಿತು, ಕಾಲಿನಿಂದ, ಹೌದು, ಹೌದು, ಕಾಲಿನಿಂದಲೇ. ತಿರುಗಿದೆ, ಹಾಲ್‌ನಲ್ಲಿ ನೀಲಾ ನಿಂತಿದ್ದಾಳೆ, ಗಾಳಿಗೆ ಬಾಗಿಲು ಬಡಿದುಕೊಳ್ಳದ ಹಾಗೆ ಬೆನ್ನು ಕೊಟ್ಟು ನಿಂತಿದ್ದಾಳೆ, ಅವಳ ತಲೆಯ ಪಕ್ಕದಲ್ಲಿ ನೀಲಿ ಬಟ್ಟಲು, ಬಟ್ಟಲಲ್ಲಿ ಬೀಗದ ಕೈ, ಸಾಲಾಗಿ ಶೂಗಳು, ಎಲ್ಲ ಅಚ್ಚುಕಟ್ಟು. ಬಾ ಬಂಗಾರ, ಬಾ ಕಂದಾ, ಕೈ ಚಾಚಿದೆ — ಬಂಗಾರ, ಕಂದಾ, ಅವಳೂ ಹಾಗೇ ಕರೆಯುತ್ತಾಳೆ ಅಂತ ಹೇಳಿದ್ದು ಯಾರು — ಮಗಳು ಬರಲಿಲ್ಲ, ಅಳುತ್ತಲೂ ಇಲ್ಲ, ಇನ್ನು ಮೇಲೆ ದಿನಾ ಹೀಗೇನಾ, ಬೆಳಿಗ್ಗೆ ಎಬ್ಬಿಸುವಾಗ, ಡೇಕೇರಿನ ಗೇಟಿನಲ್ಲಿ, ಊಟಕ್ಕೆ ಕರೆಯುವಾಗ, ನಾನು ಅಲುಗಾಡಲಿಲ್ಲ, ತಣ್ಣನೆ ನೆಲದ ಮೇಲೆ ಬರಿಗಾಲು ಎರಡೂ ಜೋಡಿಸಿ, ಬೆರಳು ಅವಳ ಕಡೆಗೆ ಮಾಡಿ ನಿಂತೆ, ಬಲಗಾಲಿನ ಬೆರಳಿನಲ್ಲಿ ತಗಡು ಗೀರಿದ ರಕ್ತ, ನೋಡಲಿ, ಎಷ್ಟು ಹೊತ್ತು ಬೇಕೋ ನೋಡಲಿ, ಅವಳ ಕಣ್ಣು ನನ್ನ ಮುಖದ ಮೇಲೆ ನಿಲ್ಲಲಿಲ್ಲ, ಅಜ್ಜಿಯ ಕಣ್ಣಿನ ಹಾಗೇ ಮೆಲ್ಲಗೆ ಇಳಿಯಿತು, ಕುತ್ತಿಗೆ, ಕೈ, ಮಂಡಿ, ಇಳಿದು, ನನ್ನ ಪಾದದ ಮೇಲೆ —